ನಡುಗಂಡಿ ಮುಚ್ಚಿದವರು

ದೊರೆಸ್ವಾಮಿಯವರ ಹಿತ್ತಿಲ ಗೋಡೆಯನ್ನು ಒಡೆದವಳು ನಾನೇ. ಹಾರೆ ನಮ್ಮದು, ತೋಳು ನನ್ನದು, ಹೊತ್ತು ಬುಧವಾರ ಬೆಳಗಿನ ಆರೂವರೆ. ಇದನ್ನು ನಾನು ಯಾರ ಹತ್ತಿರವೂ ಮುಚ್ಚಿಟ್ಟಿಲ್ಲ. ಆದರೂ ಊರ ಸಮಿತಿಯವರು ಮೂರು ಸಲ ನೋಟಿಸು ಕಳಿಸಿದ್ದಾರೆ. ಅಂಬುಜಾಕ್ಷಿಯಾದ ನೀನು ತಪ್ಪೊಪ್ಪಿಕೊಂಡು ಕ್ಷಮಾಪಣೆ ಬರೆದುಕೊಡತಕ್ಕದ್ದು, ಗೋಡೆಯನ್ನು ಮೊದಲಿನಂತೆ ಕಟ್ಟಿಸಿಕೊಡತಕ್ಕದ್ದು ಅಂತ. ನೋಟಿಸಿನ ಕೆಳಗೆ ಅಧ್ಯಕ್ಷರ ಸಹಿ, ಅಂದರೆ ದೊರೆಸ್ವಾಮಿಯವರದೇ ಸಹಿ! ಬರೆಯುತ್ತೇನೆ. ಕ್ಷಮಾಪಣೆಯನ್ನಲ್ಲ, ನಡೆದದ್ದನ್ನು. ಯಾರು ಯಾರ ಹತ್ತಿರ ಕ್ಷಮೆ ಕೇಳಬೇಕು ಅನ್ನುವುದನ್ನು ಓದಿದವರೇ ಹೇಳಲಿ.

ನಮ್ಮೂರಲ್ಲಿ ನೂರಿಪ್ಪತ್ತೊಂದು ಮನೆ. ಮಂಗಳವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಮನೆಗಳು ಜಾಗ ಬದಲಿಸುತ್ತವೆ. ಆ ಹೊತ್ತಿಗೆ ಎಲ್ಲರೂ ಒಳಗೇ ಇರುತ್ತೇವೆ, ಮಜ್ಜಿಗೆ ಪಾತ್ರೆಯನ್ನು ನೆಲಕ್ಕಿಳಿಸಿ, ಗೋಡೆ ಗಡಿಯಾರವನ್ನು ಒಂದು ಕೈಯಲ್ಲಿ ಹಿಡಿದುಕೊಂಡು. ಕಾಲು ಗಂಟೆ ಗಡಗಡ ಅನ್ನುತ್ತದೆ. ಆಮೇಲೆ ಹೊರಗೆ ಬಂದು ಈ ವಾರ ಪಕ್ಕದ ಮನೆಯವರು ಯಾರು ಅಂತ ನೋಡುವುದು. ಜಗಳವಾಡಿಕೊಂಡವರು ಮಂಗಳವಾರದವರೆಗೆ ಹಲ್ಲು ಕಚ್ಚಿಕೊಂಡಿದ್ದರೆ ಸಾಕು. ಕಡ ತಂದ ಬಟ್ಟಲನ್ನು ಸೋಮವಾರ ಸಂಜೆಯೊಳಗೆ ವಾಪಸು ಕೊಡದಿದ್ದರೆ ಮಾತ್ರ ಅದರ ಒಡತಿಯನ್ನು ಊರೆಲ್ಲ ಹುಡುಕಬೇಕಾಗುತ್ತದೆ.

ಇಂಥ ಊರಲ್ಲಿ ಬೀದಿ ಇರುವುದಿಲ್ಲ. ಒಬ್ಬರ ಅಂಗಳದಿಂದ ಇನ್ನೊಬ್ಬರ ಅಂಗಳಕ್ಕೆ ದಾಟಿಕೊಂಡೇ ನಡೆಯುವುದು. ಅದಕ್ಕಾಗಿ ಪ್ರತಿ ಮನೆಯ ಕಾಂಪೌಂಡಿನ ನಾಲ್ಕೂ ಬದಿಗೆ, ಸರಿಯಾಗಿ ನಟ್ಟನಡುವೆ, ಆಟೋ ನುಸುಳುವಷ್ಟು ಅಗಲದ ಒಂದು ಕಂಡಿ. ನಡುಗಂಡಿ ಅನ್ನುತ್ತೇವೆ. ಹದಿನೇಳು ಅಡಿ ಗೋಡೆ, ಆರು ಅಡಿ ಕಂಡಿ, ಮತ್ತೆ ಹದಿನೇಳು ಅಡಿ ಗೋಡೆ. ಯಾವ ಮನೆ ಯಾವ ಮನೆಯ ಪಕ್ಕಕ್ಕೆ ಹೇಗೇ ತಿರುಗಿ ಕೂತರೂ ಕಂಡಿಗೆ ಕಂಡಿ ಕೂಡಿಕೊಳ್ಳುತ್ತದೆ. ಅದಕ್ಕೆ ಬಾಗಿಲಿಲ್ಲ, ಚಿಲಕವಿಲ್ಲ. ಬೆಳಗ್ಗೆ ಎದ್ದು ನಾಲ್ಕು ಕಂಡಿಗೂ ನೀರು ಚಿಮುಕಿಸಿ ನಾಲ್ಕು ರಂಗೋಲಿ ಹಾಕುವುದು ಮನೆಯ ಹೆಂಗಸರ ಮೊದಲ ಕೆಲಸ. ಅದನ್ನು ತುಳಿಯದೆ ದಾಟಿಹೋಗುವುದು ಮಿಕ್ಕವರ ಕೆಲಸ. ಇದನ್ನು ಯಾರೂ ಯಾವ ಪುಸ್ತಕದಲ್ಲೂ ಬರೆದಿಡಲಿಲ್ಲ. ಬರೆದಿಡಬೇಕು ಅಂತ ಯಾರಿಗೂ ಹೊಳೆದಿರಲೂ ಇಲ್ಲ.

ನನ್ನ ಕಸುಬು ಹುಟ್ಟಿದ್ದೇ ಈ ಅಳತೆಯಿಂದ. ದೂರದ ಊರುಗಳಲ್ಲಿ ಒಂದು ಬಗೆಯ ಆಟವಿದೆಯಂತೆ. ನಾಲ್ಕೈದು ಜನ ಮೇಜಿನ ಸುತ್ತ ಕೂತು, ನಾನು ಮಂತ್ರವಾದಿ, ನೀನು ಕಳ್ಳ, ಅವನು ಕೊಡಲಿ ಹಿಡಿದ ಕುಳ್ಳ ಅಂತ ಪಾತ್ರ ಹಂಚಿಕೊಂಡು, ದಾಳ ಎಸೆದು ಕಥೆ ಬೆಳೆಸುತ್ತಾರೆ. ಕಥೆ ನಡೆಯಲು ಜಾಗ ಬೇಕಲ್ಲ, ಗುಹೆ, ಕೋಟೆ, ಸಂತೆ, ಪಾಳುಬಿದ್ದ ಕಲ್ಯಾಣಿ. ಅವುಗಳ ಚೌಕ ಚೌಕ ಚಿತ್ರಗಳನ್ನು ಪರದೆಯ ಮೇಲೆ ಒಂದರ ಪಕ್ಕ ಒಂದು ಜೋಡಿಸಿಕೊಂಡು ಆಡುತ್ತಾರೆ. ಅವರು ಟೈಲ್ ಅನ್ನುತ್ತಾರೆ, ಕುಂಟೆಬಿಲ್ಲೆ ಆಡಿ ಬೆಳೆದ ನಾನು ಬಿಲ್ಲೆ ಅನ್ನುತ್ತೇನೆ. ಮಾಡಿನ ಮೇಲೆ ಕೂತ ಕಾಗೆಗೆ ಅಂಗಳ ಹೇಗೆ ಕಾಣುತ್ತದೋ ಹಾಗೆ, ಮೇಲಿನಿಂದ ನೋಡಿದಂತೆ, ಒಂದೊಂದು ಕಲ್ಲನ್ನೂ ಕಂಪ್ಯೂಟರಿನಲ್ಲಿ ಬರೆಯಬೇಕು. ನೆರಳೆಲ್ಲ ಒಂದೇ ಕಡೆ ಬೀಳಬೇಕು.

ಬೇರೆಯವರು ಬರೆದ ಬಿಲ್ಲೆಗಳಲ್ಲಿ ಈಚೆ ದಾರಿ ಇದ್ದರೆ ಆಚೆ ಬಂಡೆ ಇರುತ್ತಿತ್ತಂತೆ. ನನ್ನವು ಹೇಗೆ ತಿರುಗಿಸಿಟ್ಟರೂ ಕೂಡಿಕೊಳ್ಳುತ್ತವೆ. ನಾನು ಮೊದಲು ಅಂಚು ಬರೆಯುತ್ತೇನೆ, ಆಮೇಲೆ ಒಳಗಿನದು. ಇದೇನು ಗುಟ್ಟು ಅಂತ ಕೊಳ್ಳುವವರು ಬರೆದು ಕೇಳುತ್ತಿದ್ದರು. ನಮ್ಮಮ್ಮ ದಿನಾ ಬೆಳಗ್ಗೆ ಗುಡಿಸುತ್ತಿದ್ದ ಜಾಗವನ್ನು ಗುಟ್ಟು ಅಂತ ಹೇಗೆ ಹೇಳಲಿ? ಒಳಗಿನದನ್ನೂ ಊರಿನಿಂದಲೇ ಎತ್ತಿಕೊಳ್ಳುತ್ತಿದ್ದೆ. ಮಿಲ್ಲಿನ ಗಂಗಣ್ಣನವರು ಭತ್ತ ಒಣಗಿಸುವ ಕಣ ನನ್ನ ಬಿಲ್ಲೆಯಲ್ಲಿ ವೀರರ ಅಖಾಡವಾಗಿದೆ. ನಮ್ಮ ಬಚ್ಚಲ ಒಲೆ ಮಾಟಗಾತಿಯ ಕುಂಡವಾಗಿದೆ.

ಹೋದ ವರ್ಷ ಒಂದು ದೊಡ್ಡ ಬೇಡಿಕೆ ಬಂತು. ನಿಮ್ಮ ಕೋಟೆಯಲ್ಲಿ ಭಯವೇ ಇಲ್ಲ, ರಾಕ್ಷಸ ಅಟ್ಟಿಸಿಕೊಂಡು ಬಂದರೆ ವೀರರು ಪಕ್ಕದ ಕಂಡಿಯಿಂದ ಸುಮ್ಮನೆ ಹೊರಟುಹೋಗುತ್ತಾರೆ, ಮೂರು ಕಡೆ ಮುಚ್ಚಿದ ಬಿಲ್ಲೆ ಬರೆದುಕೊಡಿ ಅಂತ. ಬರೆಯಲು ಕೂತೆ. ಅಭ್ಯಾಸಬಲದಿಂದ ಮೂರು ಸಲ ಕೈ ತಾನಾಗಿಯೇ ನಡುವಿನಲ್ಲಿ ಜಾಗ ಬಿಟ್ಟಿತು, ಮೂರು ಸಲವೂ ಅಳಿಸಿ ಕಲ್ಲು ತುಂಬಿಸಿದೆ.

ನನ್ನ ಅಕ್ಕ ವನಜಾಕ್ಷಿ ಬಾತ ಕಾಲನ್ನು ಮಣೆಯ ಮೇಲಿಟ್ಟುಕೊಂಡು ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಮನೆಯಲ್ಲಿರುವುದು ನಾವಿಬ್ಬರೇ. ಅವಳು ಮೂವತ್ತು ವರ್ಷ ಈ ಊರಿನ ಅಂಚೆಯವಳಾಗಿದ್ದವಳು. ವಾರಕ್ಕೊಮ್ಮೆ ಜರುಗುವ ಮನೆಗಳಿಗೆ ಒಂದೇ ಒಂದು ಕಾಗದವನ್ನೂ ತಪ್ಪಿಸದೆ ತಲುಪಿಸಿದವಳು. ಈಗ ಕಿಡ್ನಿ ಕೈಕೊಟ್ಟಿದೆ. ಬುಧವಾರ, ಶನಿವಾರ ಊರಾಚೆಯ ಆಸ್ಪತ್ರೆಗೆ ಹೋಗಿ ನಾಲ್ಕು ಗಂಟೆ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಆಸ್ಪತ್ರೆ ಮಾತ್ರ ಜರುಗುವುದಿಲ್ಲ, ಪುಣ್ಯ.

"ಏನೇ ಇದು, ಅಂಬು? ಕಂಡಿ ಎಲ್ಲಿ?" ಅಂದಳು.

"ಇದು ಆಟಕ್ಕಕ್ಕ, ನಿಜಕ್ಕಲ್ಲ."

"ಆಟಕ್ಕೇ ಆಗ್ಲಿ. ಈ ಮನೆಗೊಂದು ಕಾಗ್ದ ಬಂದ್ರೆ ಕೊಡೋದು ಹೆಂಗೆ?"

"ರಾಕ್ಷಸನ ಮನೆ ಕಣಕ್ಕ. ಅವನಿಗೆ ಯಾರು ಕಾಗ್ದ ಬರೀತಾರೆ?"

"ಯಾಕೆ, ರಾಕ್ಷಸನಿಗೆ ತಾಯಿ ಇರಲ್ವಾ?"

ನಾನು ನಕ್ಕುಬಿಟ್ಟೆ. ಆ ನಗುವಿನ ಮೇಲೆ ನನಗೆ ಈಗ ಬರುವಷ್ಟು ಕೋಪ ದೊರೆಸ್ವಾಮಿಯವರ ಮೇಲೂ ಬರುವುದಿಲ್ಲ.

ಆ ವಾರ ದೊರೆಸ್ವಾಮಿಯವರ ಮನೆ ನಮ್ಮ ಪಕ್ಕಕ್ಕೇ ಬಂದಿತ್ತು. ಊರ ಸಮಿತಿಯ ಅಧ್ಯಕ್ಷರು, ಬೆಳ್ಳಿ ಹಿಡಿಯ ಕೋಲು, ಇಸ್ತ್ರಿ ಮಾಡಿದ ಪಂಚೆ. ನಮ್ಮ ಅಂಗಳ ದಾಟುವಾಗ ಕಿಟಕಿಯಲ್ಲಿ ಪರದೆ ಕಂಡು ನಿಂತರು.

"ಆಹಾ, ಏನ್ ಗಾಂಭೀರ್ಯ! ಯಾವ್ದಮ್ಮ ಇದು ಅರಮನೆ?"

"ಅರಮನೆ ಅಲ್ಲ ಸ್ವಾಮಿ, ರಾಕ್ಷಸನ ಬಿಲ."

"ಯಾರ್ದಾದ್ರೇನು, ಅಂತಸ್ತು ಅಂದ್ರೆ ಇದು. ನನ್ ಅಂಗಳ ನೋಡು, ಊರೋರೆಲ್ಲ ತುಳ್ಕೊಂಡ್ ಹೋಗ್ತಾರೆ. ನಿನ್ನೆ ಯಾರ್ದೋ ಎಮ್ಮೆ ನಾನು ಕಾಫಿ ಕುಡೀತಿದ್ದಾಗ ಪಕ್ಕದಲ್ಲೇ ಸಗಣಿ ಹಾಕ್ಕೊಂಡ್ ಹೋಯ್ತು. ನಂಗೊಂದು ಪ್ರತಿ ಕೊಡು, ನೋಡೋಣ."

ಹೊಗಳಿಕೆಗೆ ಉಬ್ಬಿಹೋದೆ. ಪ್ರಿಂಟು ತೆಗೆದು ಲ್ಯಾಮಿನೇಟ್ ಬೇರೆ ಮಾಡಿಸಿ ಕೊಟ್ಟೆ. ಮೂರು ವಾರದಲ್ಲಿ ಅವರ ಮನೆಯ ಮೂರು ಕಂಡಿಗೆ ಇಟ್ಟಿಗೆ ಬಿತ್ತು. ಗಾರೆ, ಮೇಲೆ ಕೆನೆ ಬಣ್ಣ, ಗೋಡೆಯ ನೆತ್ತಿಗೆ ಗಾಜಿನ ಚೂರು. ಉಳಿದ ಒಂದು ಕಂಡಿಗೆ ಕಬ್ಬಿಣದ ಗೇಟು. ನನ್ನ ಬಿಲ್ಲೆಯನ್ನು ಎದುರಿಗಿಟ್ಟುಕೊಂಡೇ ಕಟ್ಟಿಸಿದರಂತೆ!

ಊರು ಬೊಬ್ಬೆ ಹೊಡೆಯುತ್ತದೆ ಅಂದುಕೊಂಡೆ. ಎಲ್ಲಿಯ ಬೊಬ್ಬೆ? ಅಧ್ಯಕ್ಷರೇ ಮಾಡಿದ ಮೇಲೆ ಏನೋ ಇರಬೇಕು ಅಂದರು. ಆಮೇಲೆ ಮಿಲ್ಲಿನ ಗಂಗಣ್ಣನವರು ಮುಚ್ಚಿಸಿದರು, ಅವರದು ಹಸಿರು ಬಣ್ಣ. ಆರು ತಿಂಗಳಲ್ಲಿ ಮೂವತ್ತು ಮನೆ ಆಯಿತು. ಹತ್ತು ನಿಮಿಷದಲ್ಲಿ ತಲುಪುತ್ತಿದ್ದ ರೇಷನ್ ಅಂಗಡಿಗೆ ಸುತ್ತು ಹಾಕಿ ಹಾಕಿ ಒಂದು ಗಂಟೆ ನಡೆಯಬೇಕಾಯಿತು. ಶಾಲೆಯ ಗಂಟೆಯನ್ನು ತಡವಾಗಿ ಬರುವವರಿಗಾಗಿ ಎರಡನೇ ಸಲ, ಮೂರನೇ ಸಲ ಬಾರಿಸತೊಡಗಿದರು. ಜನ ಏಣಿ ಕೊಂಡರು. ಮೊದಲು ಸೋಮವಾರ ಸಂಜೆ ಬಟ್ಟಲು ವಾಪಸು ಕೊಡುತ್ತಿದ್ದವರು ಈಗ ಬಟ್ಟಲು, ಏಣಿ ಎರಡನ್ನೂ ವಾಪಸು ಕೊಡುತ್ತಿದ್ದರು. ಜನ ಎಷ್ಟು ಬೇಗ ಒಗ್ಗಿಹೋಗುತ್ತಾರೆ ಅನ್ನುವುದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಕಂಡಿ ಮುಚ್ಚಿದ್ದು ಯಾಕೆ ಅಂತ ಸಮಿತಿಯ ಸಭೆಯಲ್ಲಿ ಎದ್ದು ನಿಂತು ಕೇಳಿದೆ. ದೊರೆಸ್ವಾಮಿಯವರು ತಾಳ್ಮೆಯಿಂದ ಕೇಳಿಸಿಕೊಂಡರು.

"ಕಂಡಿ ಬಿಡ್ಲೇಬೇಕು ಅಂತ ಎಲ್ಲಿ ಬರ್ದಿದೆ, ತೋರ್ಸಮ್ಮ" ಅಂದರು.

ತೋರಿಸಲು ನನ್ನ ಹತ್ತಿರ ಏನಿತ್ತು?

"ಅದೂ ಅಲ್ದೆ, ಈ ಮಾದರಿ ಬರ್ಕೊಟ್ಟೋಳು ನೀನೇ ಅಲ್ವಾ?"

ಸಭೆಯೆಲ್ಲ ನಕ್ಕಿತು. ನಾನು ಕೂತುಬಿಟ್ಟೆ.

ಇನ್ನು ಆ ಮಂಗಳವಾರ. ಗಡಗಡ ನಿಂತ ಮೇಲೆ ನಾನು ಮುಂಬದಿಯ ಕಂಡಿಗೆ ಹೋದೆ. ಕಂಡಿಯ ತುಂಬ ಗೋಡೆ. ಎಡಗಡೆಯ ಕಂಡಿಗೆ ಓಡಿದೆ, ಗೋಡೆ. ಬಲಗಡೆ ಗೋಡೆ. ಹಿತ್ತಿಲ ಕಡೆ ಕೆನೆ ಬಣ್ಣದ ಗೋಡೆ, ದೊರೆಸ್ವಾಮಿಯವರದು. ನಾಲ್ಕು ಮುಚ್ಚಿದ ಮನೆಗಳು, ನೆತ್ತಿಗೆಲ್ಲ ಗಾಜಿನ ಚೂರು ಇಟ್ಟುಕೊಂಡು, ನಾಲ್ಕು ಕಡೆಯಿಂದ ನಮಗೆ ಬೆನ್ನು ಹಾಕಿಕೊಂಡು ಕೂತಿದ್ದವು. ತಲೆಕೆಟ್ಟವಳಂತೆ ಮತ್ತೆ ಮತ್ತೆ ಸುತ್ತು ಹಾಕಿದೆ.

"ಓಡ್ಬೇಡ" ಅಂದಳು ಅಕ್ಕ ಜಗಲಿಯ ಮೇಲಿಂದ. "ಎಷ್ಟ್ ಸಲ ನೋಡಿದ್ರೂ ನಾಲ್ಕೇ ಇರೋದು."

"ನಾಳೆ ಬುಧವಾರ ಕಣಕ್ಕ."

"ಗೊತ್ತು."

ಹಿಂದೆ ಒಂದು ಸಲ, ಜ್ವರ ಅಂತ, ಅವಳ ಸರದಿ ತಪ್ಪಿತ್ತು. ಎದೆಯಲ್ಲಿ ನೀರು ತುಂಬಿಕೊಂಡು ಎರಡು ದಿನ ಕೂತೇ ಉಸಿರಾಡಿದ್ದಳು. ಇನ್ನೊಂದು ಸಲ ತಪ್ಪಿಸಿದರೆ ನಮ್ಮ ಕೈಯಲ್ಲಿಲ್ಲ ಅಂತ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ಮನೆ ಮತ್ತೆ ಜರುಗುವುದು ಮುಂದಿನ ಮಂಗಳವಾರ. ಅಷ್ಟರಲ್ಲಿ ಎರಡು ಸರದಿ ಹೋಗುತ್ತದೆ.

ಸಮಿತಿಯ ಕಚೇರಿಗೆ ಫೋನು ಮಾಡಿದೆ. ಗುಮಾಸ್ತ ಎತ್ತಿದ.

"ಒಂದ್ ಅರ್ಜಿ ಕೊಡಿ ಮೇಡಂ, ಸಾಹೇಬ್ರ ಮುಂದೆ ಇಡ್ತೀನಿ."

"ಅರ್ಜಿ ಕೊಡಕ್ಕೆ ಹೊರಗ್ ಬರ್ಬೇಕಲ್ಲಪ್ಪ! ಹೊರಗ್ ಬರಕ್ಕಾಗ್ತಿಲ್ಲ ಅಂತ್ಲೇ ಅಲ್ವಾ ಅರ್ಜಿ?"

"ಹೌದಲ್ಲ. ಹಂಗಾದ್ರೆ ಮುಂದಿನ ಮಂಗಳವಾರ ಆದ್ಮೇಲೆ ಬಂದ್ ಕೊಡಿ."

ಫೋನನ್ನು ನೆಲಕ್ಕೆ ಅಪ್ಪಳಿಸಬೇಕು ಅನ್ನಿಸಿತು. ಏಣಿ ತಂದು ಹಿತ್ತಿಲ ಗೋಡೆಗೆ ಆನಿಸಿ ಹತ್ತಿದೆ. ಗಾಜಿನ ಚೂರುಗಳಾಚೆ ದೊರೆಸ್ವಾಮಿಯವರು ತಮ್ಮ ಅಂಗಳದಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ಅವರ ಹೆಂಡತಿ ನೀಲಾವತಿ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದರು. ನಾನು ಏಣಿಯ ಮೇಲಿಂದಲೇ ಕೈ ಮುಗಿದೆ. ಇದನ್ನೂ ಬರೆದುಕೊಳ್ಳಿ, ಮೊದಲು ಕೈ ಮುಗಿದೆ.

"ಸ್ವಾಮಿ, ಅಕ್ಕನ್ನ ನಾಳೆ ಆಸ್ಪತ್ರೆಗೆ ಕರ್ಕೊಂಡ್ ಹೋಗ್ಲೇಬೇಕು. ಏಣಿ ಹತ್ಸೋ ಹಂಗಿಲ್ಲ, ಕಾಲು ಬಾತಿದೆ. ಈ ಗೋಡೇಲಿ ನಾಲ್ಕು ಇಟ್ಟಿಗೆ ತೆಗೀಲಿಕ್ಕೆ ಒಪ್ಕೊಳಿ. ನಿಮ್ ಅಂಗಳ ದಾಟಿ ಗೇಟಿಂದ ಹೋಗ್ಬಿಡ್ತೀವಿ. ಗೋಡೆ ನಾನೇ ಕಟ್ಸ್ಕೊಡ್ತೀನಿ."

ಅವರು ಪೇಪರು ಮಡಿಸಲಿಲ್ಲ. "ಒಂದ್ ಸಲ ಬಿಟ್ರೆ ಅಭ್ಯಾಸ ಆಗ್ತದಮ್ಮ. ನಾಳೆ ಇನ್ನೊಬ್ರು ಬರ್ತಾರೆ."

"ಪ್ರಾಣದ್ ವಿಷಯ ಸ್ವಾಮಿ."

"ನಿಮ್ಮಕ್ಕ ಮೂವತ್ತ್ ವರ್ಷ ಎಲ್ರ ಅಂಗಳಕ್ಕೂ ನುಗ್ಗಿ ನುಗ್ಗಿ ಓಡಾಡಿದೋರು. ಒಂದ್ ವಾರ ಮನೇಲಿ ಕೂತ್ರೆ ಏನಾಗ್ತದೆ?"

ನುಗ್ಗಿ ಅಂದರು. ಬಿಸಿಲಿನಲ್ಲಿ, ಜಡಿಮಳೆಯಲ್ಲಿ, ಇವರ ಮನೆಯ ಕಾಗದವನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ತಂದುಕೊಟ್ಟವಳಿಗೆ ನುಗ್ಗಿದವಳು ಅಂದರು. ನೀಲಾವತಿಯವರು ನನ್ನನ್ನೇ ನೋಡುತ್ತಿದ್ದರು. ಇಳಿದು ಬಂದೆ. ಅಕ್ಕನಿಗೆ ಎಲ್ಲವೂ ಕೇಳಿಸಿತ್ತು. ಅವಳು ಪ್ರತಿ ಮಂಗಳವಾರದಂತೆ ಆಸ್ಪತ್ರೆಯ ಚೀಲಕ್ಕೆ ಶಾಲು, ಫೈಲು, ಅಳತೆ ನೀರಿನ ಬಾಟಲಿ ತುಂಬಿಸಿಟ್ಟಳು.

ಬುಧವಾರ ಬೆಳಗ್ಗೆ ಅವಳು ಸೀರೆ ಉಟ್ಟು ಕುರ್ಚಿಯಲ್ಲಿ ಕೂತಾಗ ನಾನು ಹಾರೆ ಎತ್ತಿಕೊಂಡೆ. ನಮ್ಮ ಹಿತ್ತಿಲ ಕಂಡಿಯಲ್ಲಿ ನಿಂತು, ಅದರ ತುಂಬ ಅಡ್ಡಲಾಗಿದ್ದ ಕೆನೆ ಬಣ್ಣಕ್ಕೆ ಬೀಸಿ ಹೊಡೆದೆ. ಗಾರೆ ಉದುರಿತು. ಐದಾರು ಏಟು ಹಾಕಿ ಉಸಿರು ತೆಗೆದುಕೊಳ್ಳಲು ನಿಂತೆ. ನಾನು ನಿಂತರೂ ಏಟು ನಿಲ್ಲಲಿಲ್ಲ. ಧಡ್, ಧಡ್ ಅಂತ ಗೋಡೆಯ ಆಚೆ ಕಡೆಯಿಂದ ಯಾರೋ ಹೊಡೆಯುತ್ತಿದ್ದರು.

ಮೊದಲು ಭಯವಾಯಿತು. ಆಮೇಲೆ ನಾನೂ ಹೊಡೆದೆ. ಒಂದು ಇಟ್ಟಿಗೆ ಆಚೆ ಬಿತ್ತು, ಇನ್ನೊಂದು ಈಚೆ ಬಿತ್ತು. ತೂತಿನಾಚೆ ನೀಲಾವತಿಯವರು. ತಲೆಗೂದಲ ತುಂಬ ಗಾರೆಪುಡಿ, ಕೈಯಲ್ಲಿ ಕಬ್ಬಿಣದ ಬಳೆ ಹೊಡೆಸಿದ ಒನಕೆ. ಅವರ ಕಡೆ ಗೋಡೆ ಮೂಲೆಯಿಂದ ಮೂಲೆಗೆ ಒಂದೇ ಬಣ್ಣ, ಹಳೆಯ ಕಂಡಿಯ ಗುರುತಿಗೆ ಒಂದು ಗೀರೂ ಇಲ್ಲ. ಆದರೂ ನನ್ನ ಹಾರೆಯೂ ಅವರ ಒನಕೆಯೂ ಒಂದೇ ಜಾಗದಲ್ಲಿ ಕೂಡಿದ್ದವು.

"ಸರಿಯಾಗಿ ಇಲ್ಲೇ ಅಂತ ಹೆಂಗ್ ಗೊತ್ತಾಯ್ತು ನೀಲಮ್ಮ?"

"ಇಪ್ಪತ್ತೆಂಟ್ ವರ್ಷ ರಂಗೋಲಿ ಹಾಕಿದ್ ಜಾಗ ಕಣೇ. ಬಣ್ಣ ಬಳಿದ್ರೆ ಮರೆತೋಗ್ತದಾ?"

ದೊರೆಸ್ವಾಮಿಯವರು ಬನಿಯನ್ನಿನಲ್ಲೇ ಓಡಿಬಂದರು. ಅತಿಕ್ರಮಣ, ಅಕ್ರಮ ಪ್ರವೇಶ ಅಂತ ಏನೇನೋ ಕೂಗಿದರು. ನಾನು ಇಟ್ಟಿಗೆ ದಾಟಿ ಒಳಗೆ ಹೋಗಿ, "ಗೇಟ್ ತೆಗೀರಿ ಸ್ವಾಮಿ" ಅಂದೆ. ಅವರು ಗೇಟಿನ ಕಡೆ ತಿರುಗಿಯೂ ನೋಡಲಿಲ್ಲ. ನೀಲಾವತಿಯವರೇ ಹೋಗಿ ಅಗುಳಿ ಎಳೆದು ಎರಡೂ ರೆಕ್ಕೆ ತೆರೆದರು. ಗೇಟಿನಾಚೆ ಹಸಿರು ಗೋಡೆ. ಗಂಗಣ್ಣನವರದು.

"ನಿನ್ನೆಯಿಂದ ಮನೇಲಿ ಹಾಲಿಲ್ಲ" ಅಂದರು ನೀಲಾವತಿ. "ಪೇಪರ್ರು ಬರೋದೂ ಸಂಜೆಗೇ. ನಿನ್ನೆ ಅವರು ಓದ್ತಿದ್ದದ್ದು ಸೋಮವಾರದ್ದು."

ನಗು ಬರಬೇಕಿತ್ತು. ಬರಲಿಲ್ಲ. ತಾವೂ ಸಿಕ್ಕಿಹಾಕಿಕೊಂಡಿದ್ದೇವೆ ಅಂತ ಹಿಂದಿನ ದಿನ ಒಂದು ಮಾತು ಹೇಳಿದ್ದರೆ ಆಗಲೇ ಸೇರಿ ದಾರಿ ಮಾಡಬಹುದಿತ್ತು. ಮರ್ಯಾದೆಗೆ ಅಂಜಿ ಈ ಮನುಷ್ಯ ಒಂದು ವಾರ ಕರಿಕಾಫಿ ಕುಡಿದುಕೊಂಡು ಕೂರಲು ತಯಾರಿದ್ದರು, ಗೋಡೆಯ ಈಚೆ ನನ್ನಕ್ಕ ಉಸಿರು ಕಟ್ಟಿ ಸಾಯಲಿ ಅಂತ. ನನ್ನ ಕೈಯಲ್ಲಿ ಹಾರೆ ಇತ್ತು. ಅದು ಗೋಡೆಗೆ ಮಾತ್ರ ಬಿತ್ತು ಅನ್ನುವುದನ್ನು ಸಮಿತಿ ಗಮನಿಸಬೇಕು.

ಬುಧವಾರ ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ಯುವ ಆಟೋದ ಚೆಲುವಯ್ಯನಿಗೆ ಫೋನು ಮಾಡಿದೆ. ಗಂಗಣ್ಣನವರು ಮುಚ್ಚದೆ ಬಿಟ್ಟಿದ್ದ ಒಂದೇ ಕಂಡಿ ಅದೃಷ್ಟಕ್ಕೆ ಆಚೆ ಬದಿಗೆ ತೆರೆದಿತ್ತು. ಅವನು ಆಟೋವನ್ನು ಅವರ ಅಂಗಳಕ್ಕೇ ತಂದು, ಮಿಲ್ಲಿನ ಪಿಕಾಸಿ ಎತ್ತಿಕೊಂಡ. ಗಂಗಣ್ಣನವರು ಹಲ್ಲುಜ್ಜುತ್ತಿದ್ದರಂತೆ, ಬಾಯಿ ತುಂಬ ನೊರೆ ಇದ್ದದ್ದರಿಂದ ಬೇಡ ಅನ್ನಲಾಗಲಿಲ್ಲವಂತೆ. ಚೆಲುವಯ್ಯನ ಕಡೆಯೂ ಗೋಡೆಗೆ ಗುರುತಿರಲಿಲ್ಲ. ಅವನೂ ಅಳೆಯಲಿಲ್ಲ. ನಾನು ಗೇಟಿನ ನಡುವೆ ನಿಂತು ಹೊಡೆಯುತ್ತಿದ್ದಲ್ಲಿಗೇ ಅವನ ಪಿಕಾಸಿಯ ಮೊನೆ ತೂರಿ ಬಂತು.

ಅಕ್ಕನನ್ನು ಕುರ್ಚಿ ಸಮೇತ ಎತ್ತಬೇಕಾಯಿತು. ನಾನು, ನೀಲಾವತಿಯವರು, ಚೆಲುವಯ್ಯ ಮೂವರೂ ಒಂದೊಂದು ಕಾಲು ಹಿಡಿದೆವು.

"ಸ್ವಾಮಿ, ನಾಲ್ಕನೇದು ನೀವ್ ಹಿಡೀರಿ" ಅಂದಳು ಅಕ್ಕ, ಪಾರ್ಸಲ್ಲಿಗೆ ಸಹಿ ಕೇಳುವ ಅದೇ ದನಿಯಲ್ಲಿ.

ಅವರು ಹಿಡಿದರು. ಇಟ್ಟಿಗೆ ಚೂರು ತುಳಿಯುತ್ತ ನಾಲ್ವರೂ ನಡೆದೆವು. ಗೇಟಿನ ಹತ್ತಿರ ಅಕ್ಕ ಅಂದಳು, "ನಿಮ್ಗೆ ಮಗಳು ಹುಟ್ಟಿದ್ ದಿನ ತಂತಿ ತಂದ್ಕೊಟ್ಟೋಳು ನಾನೇ. ನಿಮ್ಮನೆ ಆಗ ಊರಿನ್ ಆ ಮೂಲೇಲಿತ್ತು. ಹದಿನಾರ್ ಅಂಗಳ ದಾಟ್ಕೊಂಡ್ ಬಂದೆ. ಒಂದ್ ಕಂಡೀನೂ ಮುಚ್ಚಿರ್ಲಿಲ್ಲ." ದೊರೆಸ್ವಾಮಿಯವರು ತಲೆ ಎತ್ತಲಿಲ್ಲ. ಈ ಮನುಷ್ಯನಿಗೆ ತಟ್ಟಿತು ಅಂದುಕೊಂಡೆ. ಶುಕ್ರವಾರ ಮೊದಲನೇ ನೋಟಿಸು ಬಂತು. ಅಕ್ಕನ ಕುರ್ಚಿ ಹಿಡಿದ ಕೈಯೇ ಅದಕ್ಕೆ ಸಹಿ ಹಾಕಿತ್ತು. ಗೇಟಿನಾಚೆ ಗೋಡೆ ಇತ್ತು ಅನ್ನುವ ಮಾತು ಆ ನೋಟಿಸಿನಲ್ಲಿ ಎಲ್ಲೂ ಇಲ್ಲ.

ಕ್ಷಮೆ ಕೇಳಬೇಕಾದವಳ ಹತ್ತಿರ ನಾನು ಕೇಳಿಯಾಗಿದೆ. ಬುಧವಾರ ಸಂಜೆ ಅಕ್ಕ ಹಗುರವಾಗಿ ಉಸಿರಾಡುತ್ತ ಮನೆಗೆ ಬಂದಾಗ, ಈ ಹಾಳು ಬಿಲ್ಲೆ ಬರೆದವಳು ನಾನು, ತಪ್ಪಾಯಿತು ಅಂತ ಅತ್ತುಬಿಟ್ಟೆ. "ಅತ್ತಿದ್ ಸಾಕು, ಆ ರಾಕ್ಷಸನ ಮನೆಗೆ ಕಂಡಿ ಇಡು" ಅಂದಳು. ಅವತ್ತೇ ಕೂತು ನಾಲ್ಕು ಕಡೆಯೂ ತೆರೆದು ಬರೆದೆ. ಭಯವೇ ಇಲ್ಲ ಅಂತ ಕೊಂಡವರು ಬೈದು ಬರೆಯುತ್ತಿದ್ದಾರೆ, ಬರೆಯಲಿ. ಭಯ ಎಂಥದು ಅಂತ ನಾನು ಕಂಡಿದ್ದೇನೆ.

ಮೂರನೇ ನೋಟಿಸು ಬಂದ ಮರುದಿನ ದೊರೆಸ್ವಾಮಿಯವರ ಮನೆಯನ್ನು ಹುಡುಕಿಕೊಂಡು ಹೋದೆ. ಅದೀಗ ಊರಿನ ಇನ್ನೊಂದು ಮೂಲೆಯಲ್ಲಿದೆ. ಒಡೆದ ಜಾಗದ ಇಟ್ಟಿಗೆ ಚೂರನ್ನೆಲ್ಲ ಯಾರೋ ಬಾಚಿ ತೆಗೆದಿದ್ದರು. ನೆಲಕ್ಕೆ ನೀರು ಚಿಮುಕಿಸಿ, ಆರು ಅಡಿಯ ಉದ್ದಕ್ಕೂ ರಂಗೋಲಿ, ಅದರ ಸುತ್ತ ಕೆಮ್ಮಣ್ಣಿನ ಅಂಚು. ಸಮಿತಿ ಕಳಿಸಿದ್ದ ಗಾರೆಯವನು ಕರಣೆಯನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದ.

"ದಿನಾ ಬರ್ತೀನಮ್ಮ, ದಿನಾ ಹಾಕಿರ್ತಾರೆ. ತುಳ್ಕೊಂಡು ಹೆಂಗ್ ಕಟ್ಲಿ?" ಅಂದ.

ಒಳಗಿನಿಂದ ನೀಲಾವತಿಯವರು ಅವನಿಗೊಂದು, ನನಗೊಂದು ಲೋಟ ಕಾಫಿ ತಂದರು. ಹಾಲು ಹಾಕಿದ ಕಾಫಿ. ದೊರೆಸ್ವಾಮಿಯವರು ಅದೇ ಬೆತ್ತದ ಕುರ್ಚಿಯಲ್ಲಿ ಪೇಪರಿನ ಹಿಂದೆ ಇದ್ದರು, ಆ ದಿನದ ಪೇಪರು.

ಆದ್ದರಿಂದ ಸಮಿತಿಗೆ ನನ್ನ ಉತ್ತರ ಇಷ್ಟೆ. ಗೋಡೆಯನ್ನು ಮೊದಲಿನಂತೆ ಕಟ್ಟಲು ನನ್ನ ಅಡ್ಡಿಯಿಲ್ಲ. ಇಟ್ಟಿಗೆಯನ್ನೂ ನಾನೇ ಹೊತ್ತು ತರುತ್ತೇನೆ. ಹೆಂಡತಿ ಹಾಕಿದ ಆ ರಂಗೋಲಿಯನ್ನು ಅಧ್ಯಕ್ಷರು 'ನಾನು ತುಳಿಯುತ್ತೇನೆ' ಅಂತ ಬಂದು, ನಮ್ಮೆಲ್ಲರೆದುರು ಒಂದು ಸಲ ತುಳಿದು ತೋರಿಸಲಿ.